ತನಗೆ ತಾನೇ ಕೊಟ್ಟುಕೊಂಡ ಫೈನಲ್

ಹೊಲಿಗೆ ಯಂತ್ರ ರಿಪೇರಿ ಮಾಡುವವನನ್ನು ಊರಿನವರೆಲ್ಲ ಸೀಟಿ ಎಂದೇ ಕರೆಯುತ್ತಿದ್ದರು. ಅಂಗಡಿಯಲ್ಲಿ ಅವನು ಇಡೀ ದಿನ ಬೆನ್ನು ಬಗ್ಗಿಸಿ, ಕೆಟ್ಟು ಕೂತ ಯಂತ್ರಗಳಿಗೆ ಎಣ್ಣೆ ಬಿಡುತ್ತಿದ್ದ. ಆಳೂ ಗಿಡ್ಡ. ವಾಲಿಬಾಲ್ ಪಂದ್ಯ ಬಂತೆಂದರೆ ಮಾತ್ರ ಕೊರಳಿಗೆ ಸೀಟಿ ನೇತುಹಾಕಿಕೊಂಡು, ನೆಟ್ಟಿನ ಪಕ್ಕದ ಕಬ್ಬಿಣದ ಸ್ಟ್ಯಾಂಡ್ ಹತ್ತಿ ನಿಲ್ಲುತ್ತಿದ್ದ. ಆಗ ಆರಡಿ ಆಟಗಾರರೂ ಕತ್ತೆತ್ತಿ ಅವನನ್ನು ನೋಡಬೇಕು. ಆ ಸುಖವೇ ಬೇರೆ.

ಯಾವ ಪಂದ್ಯಕ್ಕೆ ಯಾವ ರೆಫರಿ ಎಂದು ಗೊತ್ತು ಮಾಡುವ ಕೆಲಸವೂ ಅವನದೇ. ಅದನ್ನು ಅವನೇನೂ ಕಿತ್ತುಕೊಂಡಿರಲಿಲ್ಲ. ಎಲ್ಲರಿಗೂ ಫೋನ್ ಮಾಡಿ, ಗೋಗರೆದು, ಬೈಸಿಕೊಳ್ಳುವ ಉಸಾಬರಿ ಯಾರಿಗೂ ಬೇಡವಾಗಿ ಇವನ ತಲೆಗೆ ಕಟ್ಟಿದ್ದರು. ಒಮ್ಮೆ ಫೈನಲ್ ದಿನ ಒಬ್ಬ ರೆಫರಿ ಕೈಕೊಟ್ಟಾಗ ಇವನೇ ಸ್ಟ್ಯಾಂಡ್ ಹತ್ತಿದ. ಮುಂದಿನ ವರ್ಷ ಯಾರೂ ಕೈಕೊಡಲಿಲ್ಲ. ಆದರೂ ಇವನೇ ಹತ್ತಿದ. ಆಮೇಲಿನದು ಕೇಳಬೇಕೆ? ಫೈನಲ್ ಎಂದರೆ ಸೀಟಿ, ಸೀಟಿ ಎಂದರೆ ಫೈನಲ್.

ಅವನ ತಂಗಿಗೆ ಔಷಧದ ಅಂಗಡಿಯಲ್ಲಿ ಕೆಲಸ. ಅವಳೂ ರೆಫರಿ, ಅಣ್ಣನೇ ಕಲಿಸಿದ್ದು. ಕಣ್ಣು ಬಲು ಚುರುಕು. ಆದರೆ ಫೈನಲ್‌ನಲ್ಲಿ ಅವಳಿಗೆ ಸಿಗುತ್ತಿದ್ದುದು ಯಾವಾಗಲೂ ಕೆಳಗೆ ನಿಲ್ಲುವ ಎರಡನೇ ರೆಫರಿಯ ಜಾಗ. ಕೇಳಿದರೆ, "ನಿಂಗೆ ಕೊಟ್ರೆ ಜನ ಆಡ್ಕೋತಾರಮ್ಮ, ತಂಗೀಗೆ ಕೊಟ್ಟ ಅಂತಾರೆ" ಎನ್ನುತ್ತಿದ್ದ. ತಾನು ಮಹಾ ನ್ಯಾಯವಂತ ಎಂದೇ ನಂಬಿದ್ದ, ಪಾಪ.

ಆ ಶನಿವಾರ ಹುಡುಗಿಯರ ಸೆಮಿಫೈನಲ್. ಸೀಟಿ ಮೇಲೆ, ತಂಗಿ ಕೆಳಗೆ. ಒಂದು ತಂಡದ ಕ್ಯಾಪ್ಟನ್ ಬಾರಿಸಿದ ಚೆಂಡು ಗೆರೆಯಾಚೆ ಬಿತ್ತು. ಬೀಳುವ ಮೊದಲು ಅದು ಎದುರಾಳಿಯ ಬೆರಳ ತುದಿಗೆ ತಾಗಿದ್ದನ್ನು ತಂಗಿ ಕಂಡಳು. ತಾಗಿದ್ದರೆ ಅಂಕ ಹೊಡೆದವಳದು. ಎದೆಯ ಮುಂದೆ ಕೈ ಹಿಡಿದು ಅಣ್ಣನಿಗೆ ಸನ್ನೆ ಮಾಡಿದಳು. ಸೀಟಿ ಕಂಡೂ ಕಾಣದವನಂತೆ ಔಟ್ ಕೊಟ್ಟ. ಮೇಲಿದ್ದವನಿಗೆ ಕಾಣದ್ದು ಕೆಳಗಿದ್ದವಳಿಗೆ ಕಂಡಿತೆಂದರೆ ಮರ್ಯಾದೆಯ ಗತಿಯೇನು?

ಪಂದ್ಯ ಮುಗಿದು ಅವನು ರೆಫರಿಗಳ ಕೋಣೆಯಲ್ಲಿ ಬೂಟು ಬಿಚ್ಚುತ್ತಿದ್ದಾಗ ಅದೇ ಕ್ಯಾಪ್ಟನ್ ಬಾಗಿಲಿಗೆ ಬಂದಳು. ಅವಳ ತಂಡವೇ ಗೆದ್ದಿತ್ತು.

"ಸರ್, ರೆಫರಿ ಬಗ್ಗೆ ಒಂದು ದೂರಿತ್ತು. ರೆಫರಿಗಳನ್ನ ಹಾಕೋರು ಯಾರು?"

"ನಾನೇ. ಹೇಳಮ್ಮ."

ಅವಳು ಉಗುಳು ನುಂಗಿದಳು. "ದೂರು ನಿಮ್ಮ ಮೇಲೇ ಸರ್."

"ಗೆದ್ದಿದ್ದೀರಲ್ಲ, ಇನ್ನೇನು ದೂರು?"

"ಗೆದ್ವಿ ಸರ್. ಆದ್ರೆ ನಾಳೆ ಫೈನಲ್‌ಗೂ ನೀವೇ ಅಂತೆ. ಬೇರೆಯವರನ್ನ ಹಾಕಿ ಅಂತ ಕೇಳ್ಬೇಕಿತ್ತು. ಯಾರನ್ನ ಕೇಳ್ಲಿ?"

ಸೀಟಿ ಬಿಚ್ಚಿದ್ದ ಬೂಟನ್ನೇ ಮತ್ತೆ ಕಾಲಿಗೆ ಹಾಕಿಕೊಂಡ. ಹುಡುಗಿ ಜಗಳಕ್ಕೆ ಬಂದಿರಲಿಲ್ಲ. ನಿಜವಾಗಿಯೂ ಉತ್ತರಕ್ಕೆ ಕಾದು ನಿಂತಿದ್ದಳು. "ನೋಡೋಣ, ಹೋಗಮ್ಮ" ಎಂದು ಅವಳನ್ನು ಸಾಗಹಾಕಿದ.

ಮೂಲೆಯಲ್ಲಿ ನೆಟ್ ಮಡಚುತ್ತಿದ್ದ ತಂಗಿಯತ್ತ ತಿರುಗಿ, "ನೋಡಿದ್ಯಾ ಪೊಗರು?" ಎಂದ.

"ಅವಳು ಸರಿಯಾಗೇ ಕೇಳಿದ್ಲು."

"ನಾನೇನು ಮೋಸ ಮಾಡಿದ್ನಾ?"

"ಮೋಸ ಅಂತ ಯಾರಂದ್ರು? ತಂಗೀಗೆ ಕೊಟ್ರೆ ಜನ ಆಡ್ಕೋತಾರೆ ಅಂತೀಯ. ನಿಂಗೆ ನೀನೇ ಕೊಟ್ಕೊಂಡ್ರೆ ಆಡ್ಕೊಳ್ಳಲ್ವಾ ಅಣ್ಣ? ಚೆಂಡು ಬೆರಳಿಗೆ ತಾಗಿತ್ತು. ನಾನು ತೋರಿಸ್ದೆ. ನೀನು ನೋಡ್ದೆ."

ಸೀಟಿಗೆ ಸಿಟ್ಟು ನೆತ್ತಿಗೇರಿತು. ಮಾತು ನಿಜವಾದ್ದರಿಂದ ಇನ್ನೂ ಹೆಚ್ಚಾಗಿಯೇ ಏರಿತು. ಹೊರಗೆ ಹೋಗಿ ಖಾಲಿ ಮೈದಾನದಲ್ಲಿ ಸ್ಟ್ಯಾಂಡ್ ನೋಡುತ್ತಾ ನಿಂತ. ತಂಗಿಗೆ ಕೊಡಲೇ? ಕೊಟ್ಟರೂ ಕೊಡುವವನು ತಾನೇ. ಬೇರೆ ಯಾರಿಗೆ ಕೊಟ್ಟರೂ ಅಷ್ಟೇ, ಆ ಹುಡುಗಿಗೆ ಕೇಳಲು ಇನ್ನೊಬ್ಬರು ಸಿಗುವುದಿಲ್ಲ.

ಕೊನೆಗೆ ಪಂದ್ಯಗಳ ಅಂಕ ಬರೆಯುವ ಟೀಚರಮ್ಮನ ಮನೆಗೆ ಹೋದ. ಜನ್ಮದಲ್ಲಿ ಸೀಟಿ ಊದದ ಹೆಂಗಸು.

"ರೆಫರಿಗಳನ್ನ ಹಾಕೋ ಕೆಲಸ ಇನ್ಮೇಲೆ ನೀವು ನೋಡ್ಕೊಳ್ಳಿ. ನಿಮಗೆ ಸ್ಟ್ಯಾಂಡ್ ಮೇಲೆ ಆಸೆ ಇಲ್ಲ."

"ಆಯ್ತು. ಆದ್ರೆ ಯಾರೂ ಬಂದು ನನ್ನ ಕಿವಿ ಕಚ್ಚಬಾರ್ದು. ನೀವೂ ಸೇರಿ."

ಒಪ್ಪಿಕೊಂಡ. ನಿಜ ಹೇಳಬೇಕೆಂದರೆ, ಅಳೆದು ತೂಗಿ ಅವರು ತನ್ನನ್ನೇ ಆರಿಸಿಯಾರು, ಆಗ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ ಎಂಬ ಆಸೆ ಅವನ ಮನಸ್ಸಿನ ಮೂಲೆಯಲ್ಲಿತ್ತು. ಟೀಚರಮ್ಮ ಅಲ್ಲೇ ಹೇಳಿಬಿಟ್ಟರು. ಸ್ಟ್ಯಾಂಡ್ ಮೇಲೆ ತಂಗಿ. ಸೀಟಿ ಮೈದಾನದ ಮೂಲೆಯಲ್ಲಿ, ಬಾವುಟ ಹಿಡಿದು ಗೆರೆ ಕಾಯಬೇಕು.

ಮರುದಿನ ಮುಖ ಹುಳ್ಳಗೆ ಮಾಡಿಕೊಂಡೇ ಮೂಲೆಯಲ್ಲಿ ನಿಂತ. ಆದರೆ ಆಟ ಬಿಸಿಯೇರಿದಂತೆ ಮುನಿಸು ಮರೆತುಹೋಯಿತು. ಕೆಳಗಿನಿಂದ ನೆಟ್ಟಿನ ಮೇಲಿನ ಬೆರಳುಗಳು ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಕೊನೆಯ ಸೆಟ್ಟಿನಲ್ಲಿ ಒಂದು ಚೆಂಡು ಹಾರಿ ಅವನ ಗೆರೆಯಾಚೆ ಬಿತ್ತು. ತಡೆಯಲು ಹಾರಿದ್ದ, ನಿನ್ನೆ ದೂರು ತಂದಿದ್ದ ಕ್ಯಾಪ್ಟನ್‌ಳ ಬೆರಳಿಗೆ ತಾಗಿತ್ತು! ಬಾವುಟ ಎತ್ತಿ, ಅದರ ತುದಿಗೆ ಅಂಗೈ ಇಟ್ಟು ತೋರಿಸಿದ.

ಮೇಲಿನಿಂದ ತಂಗಿ ಅವನತ್ತ ತಿರುಗಿದಳು. ನಿನ್ನೆಯ ಲೆಕ್ಕ ಈಗ ಚುಕ್ತಾ ಆಗುತ್ತದೆ ಎಂದುಕೊಂಡ. ತಂಗಿ ತಲೆಯಾಡಿಸಿ, ಅವನು ತೋರಿಸಿದಂತೆಯೇ ತೀರ್ಪು ಕೊಟ್ಟಳು. ಸೀಟಿಗೆ ನಾಚಿಕೆಯಾಯಿತು. ಹೆಮ್ಮೆಯೂ ಆಯಿತು.

ಪಂದ್ಯ ಕ್ಯಾಪ್ಟನ್‌ಳ ಕೈತಪ್ಪಿತು. ಕಣ್ಣೊರೆಸಿಕೊಂಡು ಹೋಗುತ್ತಿದ್ದವಳು ಅವನ ಬಳಿ ನಿಂತಳು. "ತಾಗಿದ್ದು ನಿಜ ಸರ್. ಇವತ್ತು ದೂರಿಲ್ಲ."

ಅವನು ಬಾವುಟ ಸುತ್ತುತ್ತಿದ್ದಾಗ ಟೀಚರಮ್ಮ ಬಂದರು. "ಮುಂದಿನ ಭಾನುವಾರ ಚಿಕ್ಕ ಹುಡುಗರ ಪಂದ್ಯ ಇದೆ. ಸ್ಟ್ಯಾಂಡ್ ಮೇಲೆ ನೀವು ಬೇಕು. ಬರ್ತೀರಾ?"

ಎಷ್ಟೋ ವರ್ಷಗಳಿಂದ ಅವನನ್ನು ಯಾರೂ ಪಂದ್ಯಕ್ಕೆ ಕರೆದಿರಲಿಲ್ಲ. ಕರೆಯುವವನೂ ಅವನೇ, ಬರುವವನೂ ಅವನೇ ಆಗಿದ್ದ.

"ಬರ್ತೀನಿ ಟೀಚರಮ್ಮ" ಎಂದ. ಎಷ್ಟು ಗಂಟೆಗೆ ಎಂದು ಕೇಳುವುದನ್ನೇ ಮರೆತಿದ್ದ.