ಕಲ್ಲಚ್ಚಿನ ಸೈದಪ್ಪ

ರುದ್ರವ್ವ ಮಂಚದ ಕೆಳಗೆ ಅರ್ಧ ಮೈ ತೂರಿಸಿ ಕೈಯಾಡಿಸುತ್ತಿದ್ದಳು. ಬೆನ್ನ ಹಿಂದೆ, ಗೋಡೆಗೆ ಆನಿಸಿ ಕೂರಿಸಿದ್ದ ಗಂಡ ಸೈದಪ್ಪನ ಹಣೆಗೆ ವಿಭೂತಿ ಹಚ್ಚಿಯಾಗಿತ್ತು. ಬೆಳಗಿನ ಜಾವ ಎದೆ ಹಿಡಿದುಕೊಂಡವನು ಮತ್ತೆ ಏಳಲಿಲ್ಲ. ಡೊಂಬಿವಲಿಯ ಚಾಳಿನ ಆ ಒಂದೇ ಖೋಲಿಯಲ್ಲಿ ಜನ ತುಂಬಿ ಕಾಲಿಡಲು ಜಾಗವಿರಲಿಲ್ಲ.

“ಎಂತ ಹುಡುಕ್ತಿದ್ದೀರಿ ರುದ್ರಕ್ಕ?” ಪಕ್ಕದ ಖೋಲಿಯ ಮಂಗಳೂರಿನ ಪ್ರಫುಲ್ಲಾ ಕೇಳಿದಳು.

“ಇವರ ಚಿತ್ರಗಳ ಸುರಳಿ. ಇಲ್ಲೇ ಇತ್ತವಾ.”

ಪ್ರಫುಲ್ಲಾಳ ಮುಖ ಬಿಳಿಚಿಕೊಂಡಿತು. “ಅಯ್ಯೋ ದೇವರೇ! ಸೈದಪ್ಪಣ್ಣನ ಸ್ನಾನಕ್ಕೆ ನೀರು ಕಾಯ್ಸುವಾಗ ನೀವೇ ಹೇಳಿದ್ದಲ್ವಾ, ಮಂಚದಡಿ ರದ್ದಿ ಉಂಟು, ಬಂಬದ ಒಲೆಗೆ ಹಾಕು ಅಂತ? ಮೇಲೆ ಉಪ್ಪಿನಕಾಯಿ ಲೇಬಲ್ ಇತ್ತು. ನಾನು ಬಿಚ್ಚಿ ನೋಡ್ಲಿಲ್ಲ.”

ಹೇಳಿದ್ದು ಹೌದು; ಸುರಳಿಯೂ ಅಲ್ಲೇ ಇದೆಯೆಂಬುದು ಆ ಗಾಬರಿಯಲ್ಲಿ ನೆನಪಾಗಿರಲಿಲ್ಲ. ಹೇಳಿದ ಬಾಯಿಗೆ ಮಣ್ಣು ಬೀಳಲಿ ಎಂದು ರುದ್ರವ್ವ ಹಣೆ ಚಚ್ಚಿಕೊಂಡಳು.

*

ಉಲ್ಹಾಸನಗರದ ಕಲ್ಲಚ್ಚಿನ ಪ್ರೆಸ್ಸಿನಲ್ಲಿ ಸೈದಪ್ಪ ಹದಿನೆಂಟು ವರ್ಷ ಉಪ್ಪಿನಕಾಯಿ, ಬೀಡಿ, ಸಾಬೂನಿನ ಲೇಬಲ್ಲುಗಳನ್ನು ಅಚ್ಚಿಗಾಗಿ ಕಲ್ಲಿನ ಮೇಲೆ ಬರೆದ. ರವಿವಾರ ಬಂತೆಂದರೆ ಮುಂಬ್ರಾದ ಕಲ್ಲುಗಣಿಗೆ ಓಟ. ಮದ್ದಿಟ್ಟು ಸಿಡಿಸಿದ ಕರಿಗಲ್ಲಿನ ಹೊಟ್ಟೆಯಲ್ಲಿ ಹೊಳೆಯುವ ಹರಳುಗಳನ್ನು ಆಯ್ದು ತಂದು, ಕಿಟಕಿಯ ಬೆಳಕಿಗೆ ಹಿಡಿದು ಕೂತುಬಿಡುತ್ತಿದ್ದ.

“ಊಟ ಆರಾಕತ್ತೈತಿ. ಆ ಹರಳು ಹೊಟ್ಟಿ ತುಂಬಸ್ತಾವೇನು?” ಎನ್ನುತ್ತಿದ್ದಳು ರುದ್ರವ್ವ.

“ಬಾ ಇಲ್ಲಿ, ನೋಡು. ಒಳಗ ಗುಡಿ ಕಟ್ಟ್ಯಾನ ಶಿವ.”

ಪಾಳಿ ಮುಗಿದ ಮೇಲೆ ಆ ಹರಳನ್ನೇ ಅಚ್ಚಿನ ಕಲ್ಲಿನ ಮೇಲೆ ಬರೆಯುವುದು, ಒಂದೇ ಪ್ರತಿ ತೆಗೆಯುವುದು, ಮಾಲೀಕನ ಕಣ್ಣಿಗೆ ಬೀಳದಂತೆ ಕೆಟ್ಟ ಲೇಬಲ್ಲುಗಳಲ್ಲಿ ಸುತ್ತಿ ಮನೆಗೆ ತರುವುದು. ಆಮೇಲೆ ಕಲ್ಲು ತಿಕ್ಕಿದರೆ ಚಿತ್ರ ಹೋಯಿತು. ಅದೇ ಕಲ್ಲಿಗೆ ಮತ್ತೊಂದು ಲೇಬಲ್ಲು. ಅವನು ತೀರಿಕೊಂಡ ಎಪ್ಪತ್ತಾರರ ಆ ಚಳಿಗಾಲದಲ್ಲಿ ಠಾಣೆಯ ಫ್ರೇಮಿನ ಅಂಗಡಿಯವನೊಬ್ಬ ಕೊನೆಗೂ ಚಿತ್ರಗಳನ್ನು ಗೋಡೆಗೆ ಹಾಕುತ್ತೇನೆಂದು ಒಪ್ಪಿದ್ದ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯಾದವಳು ರುದ್ರವ್ವನೇ.

*

ಮಧ್ಯಾಹ್ನ ಪ್ರೆಸ್ಸಿನ ವಸಂತಕುಮಾರ ಏದುಸಿರು ಬಿಡುತ್ತ ಬಂದ. “ಈಗ ಸುದ್ದಿ ತಿಳೀತಕ್ಕಾ. ಕೆಲಸ ಬಿಟ್ಟು ಹಂಗ ಓಡಿ ಬಂದೆ.”

ರುದ್ರವ್ವ ಅವನ ಅಂಗಿ ಹಿಡಿದಳು. “ಎಲ್ಲಾ ಸುಟ್ಟಬಿಟ್ಟೆನೋ ತಮ್ಮಾ. ನಿನ್ನೆ ರಾತ್ರಿ ಇವರು, ‘ಹೊಸಾದು ಬರದೀನಿ, ಕಲ್ಲಿನ ಮ್ಯಾಲ ಐತಿ, ನಾಳೆ ಪ್ರತಿ ತಗೀತೀನಿ’ ಅಂದಿದ್ರು. ಈಗಿಂದೀಗ ಹೋಗಿ ಒಂದು ಹಾಳಿ ತಗಿ. ಅದೊಂದಾರ ಉಳೀಲಿ. ನಿನ್ನ ಕಾಲಿಗೆ ಬೀಳ್ತೀನಿ.”

ವಸಂತಕುಮಾರ ತಲೆ ತಗ್ಗಿಸಿದ. ಕಲ್ಲು ತಿಕ್ಕುವುದೇ ಅವನ ಕೆಲಸ. ಮೊಣಕೈವರೆಗೆ ತಿಕ್ಕಿದ ಕಲ್ಲಿನ ಬೂದು ಕೆಸರು ಒಣಗಿ ಮೆತ್ತಿಕೊಂಡಿತ್ತು.

“ಮುಂಜಾನೆ ಸೇಠ್ ಆ ಕಲ್ಲು ಬೇಕಂದ್ರು,” ಎಂದು ತೊದಲಿದ. “ಅಣ್ಣಾರು ಪ್ರತಿ ತಗದಿರಬೇಕು ಅಂತ ತಿಳದೆ. ತಿಕ್ಕಿಬಿಟ್ಟೆನಕ್ಕಾ.”

ರುದ್ರವ್ವ ಅವನ ಅಂಗಿ ಬಿಟ್ಟು ಹೆಣದ ಪಕ್ಕ ಕೂತಳು. ಇನ್ನು ಸೈದಪ್ಪ ಎಂಬವನು ಇದ್ದ ಎನ್ನಲು ಈ ಲೋಕದಲ್ಲಿ ಉಪ್ಪಿನಕಾಯಿಯ ಲೇಬಲ್ಲೇ ಗತಿ.

ಹೆಣ ಕೂರಿಸುವ ಬಿದಿರಿನ ವಿಮಾನ ಬಾಗಿಲಿಗೆ ಬಂತು. “ಹೊತ್ತಾತು, ಎತ್ತರಿ,” ಎಂದರು ಚಾಳಿನ ಹಿರಿಯರಾದ ಗುರುಪಾದಪ್ಪ.

ಎತ್ತುವವರ ಕೈಗೆ ಪ್ರಫುಲ್ಲಾ ತಂಬಿಗೆಯಿಂದ ನೀರು ಹೊಯ್ಯುತ್ತ ಬಂದಳು. ವಸಂತಕುಮಾರನ ಅಂಗೈಯಲ್ಲಿ ಒಣಗಿದ್ದ ಕೆಸರು ನೆನೆಯಿತು. ರುದ್ರವ್ವ ದಡಬಡಿಸಿ ಎದ್ದು ತಂಬಿಗೆ ಕಿತ್ತುಕೊಂಡಳು.

“ತೊಳೀಬ್ಯಾಡೋ. ಅವರ ಚಿತ್ರ ಅದರಾಗ ಐತಿ. ಹಂಗ ಹಿಡಿ.”

ಅವನು ಹಾಗೆಯೇ ಹೆಣದ ಬೆನ್ನಿಗೆ ಎರಡೂ ಕೈ ಕೊಟ್ಟು ಎತ್ತಿದ. ವಿಮಾನ ಮೆಟ್ಟಿಲಿಳಿಯುವಾಗ ಸೈದಪ್ಪನ ಮಡಿ ಅಂಗಿಯ ಬೆನ್ನಿನ ಮೇಲೆ ಬೂದು ಬಣ್ಣದ ಎರಡು ಹಸ್ತಗಳು ಗೆರೆಗೆರೆಯಾಗಿ ಮೂಡಿದ್ದವು.