ಹದಿನೆಂಟು ಸಾವಿರದ ನಾನೂರ ಹನ್ನೆರಡನೇ ಸಾಲು

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಮೊದಲು ‘ಕಿಟಕಿಯಾಚೆ ಬಿಸಿಲು ಬಿದ್ದಿತ್ತು’ ಎಂದು ಬರೆದೆ. ಹೊಡೆದುಹಾಕಿದೆ. ಈ ಕಥೆಯ ಸರ್ವರ್ ಕೋಣೆಗೆ ಕಿಟಕಿಯೇ ಇಲ್ಲ.

ಹೋಗಲಿ, ಹೀಗೆ ಶುರು ಮಾಡೋಣ. ಅಂಧರಿಗಾಗಿ ಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸಿಡುವ ಒಂದು ಗ್ರಂಥಾಲಯ. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನಮ್ಮ ನಾಯಕಿ. ಮೊನ್ನೆ ಇನ್ನೂರು ಧ್ವನಿಪುಸ್ತಕಗಳು ಅಳಿಸಿಹೋದವು. ರೆಕಾರ್ಡಿಂಗ್ ಮಾಡುವ ಅಣ್ಣನಿಗೆ ಈಚೆಗೆ ಕಣ್ಣು ಮಂಜು, ಅವರೇ ಏನೋ ಒತ್ತಿರಬೇಕು ಎಂದು ಗ್ರಂಥಾಲಯ ನಡೆಸುವ ಮೇಡಂ ಅಣ್ಣನನ್ನು ಮನೆಗೆ ಕಳಿಸಿಬಿಟ್ಟರು. ಇವಳಿಗೆ ಕೆಲಸ ಕಲಿಸಿದವರು, ಗಟ್ಟಿಯಾಗಿ ಓದುವುದನ್ನೂ ಕಲಿಸಿದವರು ಆ ಅಣ್ಣನೇ. ಸಂಜೆಯೊಳಗೆ ಪುರಾವೆ ತೆಗೆದುಕೊಡು ಎಂದು ಮೇಡಂ ಇವಳಿಗೇ ಹೇಳಿದ್ದಾರೆ.

೨

(ಇಲ್ಲಿ ತುಸು ತಾಂತ್ರಿಕ ಮಾತು ಬರುತ್ತದೆ. ಆಕಳಿಸಬೇಡಿ, ಎರಡೇ ನಿಮಿಷ.)

ಯಾರು ಏನು ಅಳಿಸಿದರೆಂದು ಸರ್ವರ್ ಬರೆದಿಟ್ಟುಕೊಳ್ಳುತ್ತದೆ. ಅದನ್ನು ತೋರಿಸು ಎಂದು ಅವಳು ಕಮಾಂಡ್ ಕೊಟ್ಟಳು. ಮೂವತ್ತು ಸಾವಿರ ಸಾಲು ಕಪ್ಪು ಪರದೆಯ ಮೇಲೆ ಸರ್ರನೆ ಓಡಿ, ಮೇಲಿನದೆಲ್ಲ ಮಂಗಮಾಯ! ಆಗ ಟೆಕ್ಸ್ಟ್ ಎಡಿಟರ್ ತೆರೆದು, ಅದೇ ಕಮಾಂಡನ್ನು ಅದರೊಳಗಿನಿಂದಲೇ ಓಡಿಸಿದಳು. ಬಂದ ಉತ್ತರವೆಲ್ಲ ಪುಟದ ಮೇಲೆ ತೆಪ್ಪಗೆ ಕೂತಿತು. ಈಗ ಹುಡುಕಬಹುದು, ನಿಧಾನವಾಗಿ ಓದಬಹುದು.

ತಿದ್ದಲೂಬಹುದು. ಆ ವಿಷಯ ಆಮೇಲೆ.

೪

(ಮೂರನೆಯದನ್ನು ಹರಿದುಹಾಕಿದೆ. ಅದರಲ್ಲಿ ಅಣ್ಣನೇ ತಪ್ಪಿತಸ್ಥರಾಗಿದ್ದರು. ಬರೆಯಲು ಸುಲಭವಿತ್ತು, ಓದಿದರೆ ನನಗೇ ಸಿಟ್ಟು ಬಂತು.)

ಹದಿನೆಂಟು ಸಾವಿರದ ನಾನೂರ ಹನ್ನೆರಡನೇ ಸಾಲು. ಹಳೆಯ ಫೈಲುಗಳ ಕಸ ಗುಡಿಸಲೆಂದು ಅವಳೇ ಬರೆದಿದ್ದ ಕಮಾಂಡ್ ತಪ್ಪಿ ಧ್ವನಿಪುಸ್ತಕಗಳ ಫೋಲ್ಡರಿಗೆ ನುಗ್ಗಿತ್ತು. ಪಕ್ಕದಲ್ಲಿ ಅವಳದೇ ಹೆಸರು.

“ಅಯ್ಯೋ ದೇವರೇ, ನಾನೇ.”

ಅವಳ ಬೆರಳು ‘ಡಿ’ ಕೀಲಿಯನ್ನು ಎರಡು ಸಲ ಒತ್ತಿತು. ಸಾಲು ಮಾಯವಾಯಿತು.

“ಏನಮ್ಮಾ ಇದು?” ಎಂದೆ ನಾನು.

“ಅಭ್ಯಾಸ ಕಣ್ರೀ! ಬರೀ ಓದೋ ಪ್ರೋಗ್ರಾಮಲ್ಲಿ ಡಿ ಒತ್ತಿದ್ರೆ ಕೆಳಗೆ ಹೋಗುತ್ತೆ. ಎಡಿಟರ್‌ನಲ್ಲಿ ಎರಡು ಸಲ ಒತ್ತಿದ್ರೆ ಸಾಲೇ ಹೋಗುತ್ತೆ. ಮರೆತೆ.”

“ಯು ಒತ್ತಿದ್ರೆ ವಾಪಸ್ ಬರುತ್ತಲ್ಲ. ಅದನ್ಯಾಕೆ ಒತ್ತಿಲ್ಲ?”

ಮೂಲ ದಾಖಲೆ ಸರ್ವರಿನಲ್ಲಿ ಭದ್ರವಾಗಿದೆ, ನಿಜ. ಆದರೆ ಮೇಡಂ ನೋಡುವುದು ಇವಳು ಕಳಿಸುವ ಪ್ರತಿಯನ್ನು ಮಾತ್ರ.

“ಮನೇಲಿ ದುಡಿಯೋಳು ನಾನೊಬ್ಬಳೇ ರೀ,” ಎಂದಳು. “ನೀವೇ ತಾನೇ ಹಾಗೆ ಬರೆದಿದ್ದು?”

ಹೌದು, ಹರಿದುಹಾಕಿದ ಮೂರನೆಯದರಲ್ಲಿ ಓದುಗರಿಗೆ ಕರುಣೆ ಬರಲೆಂದು ಬರೆದಿದ್ದೆ. ಈಗ ನನ್ನ ಬುಡಕ್ಕೇ ಬಂತು.

೫

ಅಂತ್ಯ ಒಂದು: ಸಾಲು ಹೋದದ್ದು ಹೋಯಿತು, ಅಣ್ಣ ಮತ್ತೆ ಬರಲಿಲ್ಲ. (ಇದನ್ನು ಬರೆದರೆ ನನಗೆ ಊಟ ಸೇರುವುದಿಲ್ಲ.)

ಅಂತ್ಯ ಎರಡು: ಅವಳು ಒಪ್ಪಿಕೊಂಡಳು, ಮೇಡಂ ಕಣ್ಣೀರಿಟ್ಟು ಇಬ್ಬರನ್ನೂ ಕ್ಷಮಿಸಿದರು. (ಶುದ್ಧ ಬೊಗಳೆ. ಮೇಡಂ ನಿಮಗೆ ಗೊತ್ತಿಲ್ಲ.)

ಮೂರನೆಯದನ್ನು ಶುರು ಮಾಡುತ್ತಿದ್ದಾಗ ಅವಳ ಫೋನ್ ಹೊಡೆದುಕೊಂಡಿತು. ಆ ಫೋನನ್ನು ನಾನು ಬರೆದಿರಲಿಲ್ಲ, ಆಣೆಗೂ.

“ತಂಗೀ, ಆ ಪುಸ್ತಕಗಳು ಸಿಕ್ವಾ?” ಅಣ್ಣ. “ನಾನೇ ಒತ್ತಿರಬೇಕಮ್ಮ. ಒತ್ತಿದ ನೆನಪಿಲ್ಲ, ಆದ್ರೂ ಈ ಕಣ್ಣನ್ನ ಹೇಗೆ ನಂಬೋದು? ಇನ್ಮೇಲೆ ಮೆಷಿನ್ ಮುಟ್ಟಲ್ಲ ಬಿಡು. ನೀನು ಸುಮ್ನೆ ಬೈಸ್ಕೋಬೇಡ, ನನ್ನ ಹೆಸರೇ ಬರ್ಕೊಟ್ಬಿಡು.”

ಅವಳು ‘ಯು’ ಒತ್ತಿದಳು. ಸಾಲು ಬಂದು ತನ್ನ ಜಾಗದಲ್ಲಿ ಕೂತಿತು.

ಇನ್ನೇನು, ಒಂದು ಭರ್ಜರಿ ಮುಕ್ತಾಯ ಬರೆಯೋಣ ಎಂದು ನಾನು ಕೀಬೋರ್ಡಿಗೆ ಕೈ ಹಾಕಿದೆ.

“ಕೈ ತೆಗೀರಿ ನೀವು,” ಎಂದು ನನ್ನನ್ನು ಗದರಿದಳು. ಆಮೇಲೆ ಫೋನಿಗೆ: “ಅಣ್ಣಾ, ನಿಮ್ಮ ಕಣ್ಣಿಗೆ ಏನೂ ಅನ್ಬೇಡಿ. ನಿಮಗೊಂದು ಸಾಲು ಓದ್ತೀನಿ, ಕೇಳಿಸ್ಕೊಳ್ಳಿ.”

ಓದಿದಳು. ತಾರೀಖು, ಗಂಟೆ, ಕಮಾಂಡು, ಕೊನೆಗೆ ತನ್ನ ಹೆಸರು. ಅವರು ಕಲಿಸಿದ್ದ ಹಾಗೆಯೇ, ನಿಧಾನವಾಗಿ, ಒಂದಕ್ಷರ ನುಂಗದೆ.

ಈ ಪ್ರತಿ ನೋಡಿ ಮೇಡಂ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ, ನನ್ನನ್ನು ಕೇಳಬೇಡಿ. ಅವಳು ಫೋನ್ ಕಿವಿಗಿಟ್ಟುಕೊಂಡು ಕೂತಿದ್ದಾಳೆ. ಆ ಕಡೆ ಅಣ್ಣನೂ ಇನ್ನೂ ಫೋನ್ ಇಟ್ಟಿಲ್ಲ.