ಹದಿನೈದನೆಯ ಚುಕ್ಕಿ

ಬೂದು ಕುಂಡೆಕುಸ್ಕ ಎಂಬ ಹಕ್ಕಿ ಬೇತಮಂಗಲದ ಕೆರೆಗೆ ಆಗಸ್ಟ್ ಇಪ್ಪತ್ತೇಳಕ್ಕೆ ಬಂತೋ ಸೆಪ್ಟೆಂಬರ್ ಮೂರಕ್ಕೆ ಬಂತೋ ಎಂಬುದು ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. ಎರಡು ಮನೆತನಗಳ ಮರ್ಯಾದೆ, ಕಾರ್ತೀಕಕ್ಕೆ ಗೊತ್ತಾಗಿದ್ದ ಒಂದು ಕಲ್ಯಾಣ ಮಂಟಪ, ನಲವತ್ತಮೂರು ಮಂದಿಯ ಒಂದು ವಾಟ್ಸಾಪ್ ಗುಂಪು, ಇಷ್ಟೂ ಅದರ ಬಾಲಕ್ಕೆ ಸಿಕ್ಕಿಹಾಕಿಕೊಂಡಿದ್ದವು. ಹಕ್ಕಿಯ ತೂಕ ಹೆಚ್ಚೆಂದರೆ ಹದಿನೆಂಟು ಗ್ರಾಂ.

ಆಂಡರ್ಸನ್‌ಪೇಟೆಯ ಶಶಿಧರ್ ಮೂಲತಃ ಅರಸೀಕೆರೆ ಕಡೆಯವರು. ಕೆಜಿಎಫ್‌ನ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಕಬ್ಬಿಣವನ್ನು ಅನುಮಾನದಿಂದ ನೋಡಿ ನಿವೃತ್ತರಾದವರು. ಅಲ್ಲಿ ಬಿಡಿಭಾಗ ಅಳತೆಗೆ ಸರಿಯಿದ್ದರೆ ಪಾಸು, ಇಲ್ಲದಿದ್ದರೆ ರಿಜೆಕ್ಟು. ಇವೆರಡರ ನಡುವೆ ಡೀವಿಯೇಷನ್ ಎಂಬ ಮೂರನೆಯ ದಾರಿಯೂ ಇತ್ತು. ಅಳತೆ ತಪ್ಪಿದೆ, ಆದರೂ ಇದೊಂದು ಸಲ ನಡೆಯುತ್ತದೆ ಎಂದು ಸಹಿ ಹಾಕಿ ಭಾಗದ ಮೇಲೆ ಒಂದು ಚುಕ್ಕೆ ಹಳದಿ ಬಣ್ಣ ಇಡುವುದು. ಆ ಹಳದಿ ಡಬ್ಬಿಯ ಮುಚ್ಚಳವನ್ನು ಶಶಿಧರ್ ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ತೆಗೆದವರಲ್ಲ. ಅವರ ಬೀಳ್ಕೊಡುಗೆಗೆ ಬಂದವರೆಲ್ಲ ಅತ್ತರು. ಸಮಾಧಾನದಿಂದ ಅತ್ತರು.

ಅದೇ ಕಣ್ಣು ಹಕ್ಕಿಗಳ ಮೇಲೂ ಇತ್ತು. ಮನೆಯ ಹಾಲಿನಲ್ಲಿ, ಬೇರೆಯವರು ದೇವರ ಕ್ಯಾಲೆಂಡರ್ ತೂಗುಹಾಕುವ ಜಾಗದಲ್ಲಿ, ಅವರು ಒಂದು ಗ್ರಾಫ್ ಹಾಳೆಗೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಹಿಮಾಲಯದ ಬೂದು ಕುಂಡೆಕುಸ್ಕ ಪ್ರತಿವರ್ಷ ಕೆರೆಯಲ್ಲಿ ಮೊದಲು ಕಾಣಿಸುವ ದಿನಕ್ಕೆ ನೀಲಿ ಇಂಕಿನ ಒಂದು ಚುಕ್ಕಿ. ಹದಿನಾಲ್ಕು ವರ್ಷ, ಹದಿನಾಲ್ಕು ಚುಕ್ಕಿ. ಕಣ್ಣಾರೆ ಕಂಡ ಇಬ್ಬರ ಸಹಿಯಿಲ್ಲದೆ ಚುಕ್ಕಿ ಇಡುವಂತಿಲ್ಲ. ನಿಯಮ ಮಾಡಿದವರು ಶಶಿಧರ್, ಪಾಲಿಸಬೇಕಾದವರೂ ಶಶಿಧರ್.

ಎರಡನೆಯ ಸಹಿ ಕುಪ್ಪುಸ್ವಾಮಿಯವರದು. ಮಾರಿಕುಪ್ಪಂ ರೈಲಿನಲ್ಲಿ ಗಾರ್ಡ್ ಆಗಿದ್ದವರು. ಸೇವೆಯುದ್ದಕ್ಕೂ ಕೊನೆಯ ಡಬ್ಬಿಯಲ್ಲಿ ನಿಂತು ಹಿಂದೆ ಹೋಗುವುದನ್ನೇ ನೋಡಿದವರಾದ್ದರಿಂದ, ಹಕ್ಕಿ ಹಾರಿಹೋದ ಮೇಲೆ ಗುರುತಿಸುವುದರಲ್ಲಿ ನಿಸ್ಸೀಮರು.

ಹೀಗಿರುವಾಗ ಶಶಿಧರ್ ಮಗಳು ಬಿಂದುಶ್ರೀಗೂ ಕ್ಯಾಸಂಬಳ್ಳಿ ಹತ್ತಿರದ ಹಳ್ಳಿಯ ಪಶುವೈದ್ಯ ಸುಧಾಕರನಿಗೂ ನಿಶ್ಚಿತಾರ್ಥವಾಯಿತು. ಹುಡುಗನ ತಂದೆ ಮುನಿನಾರಾಯಣಪ್ಪ ಎಂಟು ಹಸು, ನಾಲ್ಕೆಕರೆ ರಾಗಿ ಮತ್ತು ತುಂಬು ಗಂಟಲಿನ ಮನುಷ್ಯ. ಶಾಸ್ತ್ರ ಮುಗಿದು ಕಾಫಿ ಬಂದಾಗ ಅವರ ಕಣ್ಣು ಗೋಡೆಗೆ ಹೋಯಿತು.

"ಇದೇನ್ ಬೀಗ್ರೇ, ಷೇರು ಮಾರ್ಕೆಟ್ಟಾ?"

"ಅಲ್ಲ, ಹಕ್ಕಿ."

"ಎಲ್ಲೈತೆ? ಬರೀ ಚುಕ್ಕಿ ಐತೆ."

ಶಶಿಧರ್ ವಿವರಿಸತೊಡಗಿದರು. ಹಕ್ಕಿಯ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಎದುರಿಗೆ ಬೀಗಿತ್ತಿ ವೆಂಕಟರತ್ನಮ್ಮ ಲೋಟ ಹಿಡಿದು ಕೂತಿದ್ದನ್ನು ಕಂಡು ನುಂಗಿಕೊಂಡರು. "ಸಿಪಿಲೆ ಅಂತ," ಎಂದರು, ಪುಸ್ತಕದ ಹೆಸರು ಹಿಡಿದು.

"ಎನ್ನ ಸಾರ್ ಇದು," ಮೂಲೆಯಿಂದ ಕುಪ್ಪುಸ್ವಾಮಿ ದನಿ ಬಂತು. "ಹದಿನಾಲ್ಕು ವರ್ಷ ಬಾಯ್ತುಂಬ ಕುಂಡೆ..."

"ಕುಪ್ಪುಸ್ವಾಮಿ, ಕಾಫಿ ಆರುತ್ತೆ."

"ನಮ್ಮ ತಮಿಳಲ್ಲಿ ವಾಲಾಟ್ಟಿ ಅಂತಾರೆ ಸಾರ್, ಬಾಲ ಆಡಿಸೋದು ಅಂತ. ಸಂಬಂಧಿಗಳ ಮುಂದೆ ಧೈರ್ಯವಾಗಿ ಹೇಳಬೋದು."

ಮುನಿನಾರಾಯಣಪ್ಪನವರಿಗೆ ಹೆಸರು ಮುಖ್ಯವಾಗಲಿಲ್ಲ. ಹದಿನಾಲ್ಕರ ಮುಂದೆ ಖಾಲಿಯಿದ್ದ ಜಾಗದ ಮೇಲೆ ಬೆರಳಿಟ್ಟರು. "ಈ ಸಲದ್ದು ನಾನು ಇಡಿಸ್ತೀನಿ ಬೀಗ್ರೇ. ಭಾನ್ವಾರ ಬತ್ತೀನಿ."

"ಖಂಡಿತ ಬನ್ನಿ," ಎಂದರು ಶಶಿಧರ್ ಹೆಂಡತಿ ಆದಿಲಕ್ಷ್ಮಿ, ಗಂಡ ಬಾಯಿ ತೆರೆಯುವ ಮೊದಲೇ.

ಆಗಸ್ಟ್ ಇಪ್ಪತ್ತೇಳರ ಭಾನುವಾರ ಬೆಳಗ್ಗೆ ಆರೂವರೆಗೆ ಶಶಿಧರ್ ಕೆರೆ ಏರಿಗೆ ಹೊರಟಾಗ ಆದಿಲಕ್ಷ್ಮಿ ಗೇಟಿನವರೆಗೆ ಬಂದು ಹೇಳಿದರು: "ಗಂಡಿನ ಕಡೆಯವರು. ಏನಂದ್ರೂ ‘ಹೌದಾ’ ಅನ್ನಿ, ಅಷ್ಟೇ. ನಿಮ್ಮ ಮೈಕ್ರೋಮೀಟರ್ ತೆಗೀಬೇಡಿ."

ಬೀಗರು ಬಿಳೀ ಪಂಚೆ ಉಟ್ಟು, ಮೊಪೆಡ್ಡಿಗೆ ಹಾಲಿನ ಕ್ಯಾನು ತೂಗುಹಾಕಿಕೊಂಡು ಬಂದಿದ್ದರು. ಅವರು ದೂರದಿಂದ ನಮಸ್ಕಾರ ಹೇಳಿದ ರಭಸಕ್ಕೆ ಕೆರೆಯ ಅರ್ಧದಷ್ಟು ಕೊಕ್ಕರೆ ಎದ್ದು ಕೋಡಿಯ ಕಡೆ ಹೋದವು. ಏಳೂಕಾಲಕ್ಕೆ ಅವರು ತೂಬಿನ ಕಡೆ ಕೈ ತೋರಿಸಿದರು.

"ಬಂತು! ಬೀಗ್ರೇ, ಬಂತು!"

ತೂಬಿನ ಪಕ್ಕದ ಬಟ್ಟೆ ಒಗೆಯುವ ಬಂಡೆಯ ಮೇಲೆ ಕಪ್ಪು ಬಿಳುಪಿನ ಒಂದು ಹಕ್ಕಿ ಬಾಲ ಕುಣಿಸುತ್ತ ನಿಂತಿತ್ತು. ಶಶಿಧರ್ ದುರ್ಬೀನು ಎತ್ತಲೂ ಇಲ್ಲ. ಅದೂ ಕುಂಡೆಕುಸ್ಕವೇ, ಆದರೆ ವರ್ಷವಿಡೀ ಅಲ್ಲೇ ಇರುವ ಜಾತಿ. ಹಿಮಾಲಯದ್ದಕ್ಕೆ ಬೆನ್ನು ಬೂದು, ಹೊಟ್ಟೆ ಹಳದಿ. ಈ ಬಂಡೆಯದನ್ನು ಶಶಿಧರ್ ಬಲ್ಲರು, ಅದರ ತಂದೆಯನ್ನೂ ಬಲ್ಲರು.

"ಬಾಲ ಕುಣಿಸ್ತೈತಲ್ಲ?" ಬೀಗರು ಕೇಳಿದರು.

"ಕುಣಿಸುತ್ತೆ."

"ಮತ್ತೆ ಅದೇ ತಾನೇ!"

ಶಶಿಧರ್ ಬಾಯಿ ತೆರೆದರು. ಗೇಟಿನ ಹತ್ತಿರದ ಮಾತು ನೆನಪಾಯಿತು. "ಹೌದಾ," ಎಂದರು.

ಅಷ್ಟು ಸಾಕಾಯಿತು. ಮುನಿನಾರಾಯಣಪ್ಪ ಫೋನಿನಲ್ಲಿ ಚಿತ್ರ ತೆಗೆದು ಮದುವೆಯ ವಾಟ್ಸಾಪ್ ಗುಂಪಿಗೆ ಹಾಕಿದರು: "ಹಿಮಾಲಯದಿಂದ ಬಂದ ಪಕ್ಷಿ. ಮೊದಲು ಕಂಡವರು ನಾವು. ಮದುವೆಗೆ ಶುಭ ಸೂಚನೆ." ಬಿಸಿಲೇರುವುದರೊಳಗೆ ಮೂವತ್ತೊಂದು ಜೋಡಿ ಮುಗಿದ ಕೈಗಳು ಬಂದವು. ಒಬ್ಬ ಸೋದರಮಾವ ಚಿತ್ರ ತೆರೆಯದೆ "ಓಂ ಶಾಂತಿ" ಎಂದು ಬರೆದು, ಆಮೇಲೆ ಅಳಿಸಿದರು.

"ಚುಕ್ಕಿ ಇಟ್ರಾ?" ಮನೆಯಲ್ಲಿ ಆದಿಲಕ್ಷ್ಮಿ ಕೇಳಿದರು.

"ಹೇಗಿಡಲಿ? ಅದು ಬಂದಿರೋದಲ್ಲ ಕಣೇ, ಇಲ್ಲೇ ಇರೋದು."

"ಇಲ್ಲೇ ಇದೆ ಅಂದ್ರೆ ಯಾವಾಗಲೋ ಬಂದಿರ್ಬೇಕು ತಾನೇ?"

ಬಂಗಾರಪೇಟೆಯ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವ ಬಿಂದುಶ್ರೀ ಉತ್ತರಪತ್ರಿಕೆಯಿಂದ ತಲೆಯೆತ್ತಿದಳು. "ಅಪ್ಪ, ನನ್ನ ಮದುವೆಗೋಸ್ಕರ ಹಕ್ಕಿ ಒಂದು ವಾರ ಮುಂಚೆ ಬರಬೇಕಾಗಿಲ್ಲ. ಹೇಳಿಬಿಡಿ. ಮಾವ ಏನೂ ಅಂದ್ಕೊಳ್ಳಲ್ಲ."

"ನಿನಗೇನು ಗೊತ್ತು," ಎಂದರು ಆದಿಲಕ್ಷ್ಮಿ. "ನಮ್ಮಪ್ಪ ಇವರ ಮನೇಲಿ ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಅಂದಿದ್ರು. ಇಪ್ಪತ್ತೊಂಬತ್ತು ವರ್ಷ ಆಯ್ತು. ಅರಸೀಕೆರೆಗೆ ಹೋದಾಗೆಲ್ಲ ಇವತ್ತಿಗೂ ನನ್ನ ತಟ್ಟೆ ಪಕ್ಕ ಉಪ್ಪಿನ ಡಬ್ಬಿ ಇಡ್ತಾರೆ."

 ಆ ಡಬ್ಬಿಯನ್ನು ಶಶಿಧರರೂ ನೋಡಿದ್ದರು.

ಸೋಮವಾರದಿಂದ ಬೀಗರ ಶುಭೋದಯದ ಸಂದೇಶದ ಕೆಳಗೆ ಒಂದೇ ಪದ ಬರತೊಡಗಿತು: "ಚುಕ್ಕಿ?" ಶಶಿಧರ್ "ಪರಿಶೀಲನೆಯಲ್ಲಿದೆ" ಎಂದು ಬರೆದರು. ಗುರುವಾರ ವೆಂಕಟರತ್ನಮ್ಮ ಫೋನು ಮಾಡಿದರು. ಯಜಮಾನರು ಬೆಳಗ್ಗೆ ಡೇರಿಯಲ್ಲಿ ಹಾಲು ಹಾಕಲು ನಿಂತ ಸಾಲಿಗೆಲ್ಲ ಚಿತ್ರ ತೋರಿಸುತ್ತಿದ್ದಾರಂತೆ. ಸಾಲು ಮುಗಿಯದೆ ಹಾಲು ಒಡೆಯುವ ಹಾಗಾಗಿದೆಯಂತೆ.

ಶುಕ್ರವಾರ ಶಶಿಧರ್ ನಿರ್ಧಾರಕ್ಕೆ ಬಂದರು. ಹದಿನಾಲ್ಕು ವರ್ಷದ ಪಟ್ಟಿಯಲ್ಲಿ ಸುಳ್ಳಿಲ್ಲ, ಹದಿನೈದನೆಯದೂ ಸುಳ್ಳಾಗಬಾರದು. ಭಾನುವಾರ ಏರಿಯ ಮೇಲೆ, ಬೇರೆ ಯಾರೂ ಇಲ್ಲದಾಗ, ಮೆತ್ತಗೆ ಹೇಳುವುದು. ವಾಕ್ಯವನ್ನು ನಾಲ್ಕು ಸಲ ಬರೆದು ತಿದ್ದಿದರು. ಕೊನೆಯ ರೂಪ ಹೀಗಿತ್ತು: "ಬೀಗರೇ, ನಿಮ್ಮ ಕಣ್ಣು ಬಹಳ ಚುರುಕು. ಆದರೆ ಆ ಹಕ್ಕಿಗೂ ಹಿಮಾಲಯಕ್ಕೂ ಪರಿಚಯವಿಲ್ಲ."

"ನಾನು ಹೇಳ್ತೀನಿ ಬಿಡಿ ಸಾರ್," ಎಂದರು ಕುಪ್ಪುಸ್ವಾಮಿ. "ನನಗೇನು, ಮಗಳಿಲ್ಲ."

"ಬೇಡ. ಇನ್‌ಸ್ಪೆಕ್ಟರ್ ನಾನು."

ಸೆಪ್ಟೆಂಬರ್ ಮೂರರಂದು ಅವರಿಬ್ಬರೂ ಕೆರೆ ತಲುಪುವಾಗ ಬೀಗರು ಆಗಲೇ ತೂಬಿನ ಹತ್ತಿರ ಇದ್ದರು. ಮಗ ಕೊಡಿಸಿದ ಹೊಸ ದುರ್ಬೀನು ಕೊರಳಲ್ಲಿತ್ತು. ಬೇರೆ ಯಾರೂ ಇಲ್ಲದಾಗ ಎಂಬ ಯೋಜನೆ ಅಲ್ಲಿಗೇ ಮುಗಿಯಿತು. ಬಟ್ಟೆಯ ಗಂಟು ಬಿಚ್ಚುತ್ತಿದ್ದ ಊರಿನ ಚಿಕ್ಕವೆಂಕಟಮ್ಮನಿಗೆ ಅವರು ಬಂಡೆ ತೋರಿಸಿ ಪಾಠ ಹೇಳುತ್ತಿದ್ದರು.

"ಅಗೋ, ಆ ಪಕ್ಷಿ. ಹಿಮಾಲಯದ್ದು. ಎರಡು ಸಾವಿರ ಕಿಲೋಮೀಟ್ರು ಹಾರ್ಕೊಂಡು ಬಂದೈತೆ."

ಚಿಕ್ಕವೆಂಕಟಮ್ಮ ಬಂಡೆ ನೋಡಿದಳು. ಬೀಗರನ್ನು ನೋಡಿದಳು. "ಇದಾ? ಏನಣ್ಣಾ ನೀನು! ವರ್ಸವೆಲ್ಲಾ ನನ್ನ ಬಂಡೆ ಮ್ಯಾಲೇ ಬಿದ್ದಿರ್ತದೆ. ಒಗೆದ ಸೀರೆ ಮ್ಯಾಗೆ ಗಲೀಜು ಮಾಡ್ತದೆ. ಇದಕ್ಕೆ ದುರ್ಬೀನು ಬೇರೆ ಆಕ್ಕೊಂಡಿದೀಯ?"

ಮುನಿನಾರಾಯಣಪ್ಪನವರ ಕೈಯಲ್ಲಿದ್ದ ದುರ್ಬೀನು ಒಂದು ಗೇಣು ಕೆಳಗಿಳಿಯಿತು. ಅಷ್ಟು ದೊಡ್ಡ ಗಂಟಲಿನಿಂದ ಏನೂ ಹೊರಡಲಿಲ್ಲ. ಅವರು ತಿರುಗಿ ಶಶಿಧರರ ಮುಖ ನೋಡಿದರು. ಡೇರಿಯ ಇಡೀ ಸಾಲು ಆ ನೋಟದಲ್ಲಿ ನಿಂತಿತ್ತು.

ಶಶಿಧರರ ಜೇಬಿನಲ್ಲಿ ನಾಲ್ಕು ಸಲ ತಿದ್ದಿದ ವಾಕ್ಯವಿತ್ತು. ಅದನ್ನು ಹೇಳಲು ಇದಕ್ಕಿಂತ ಅನುಕೂಲದ ಗಳಿಗೆ ಸಿಗುತ್ತಿರಲಿಲ್ಲ. ಅರ್ಧ ಕೆಲಸವನ್ನು ಆಗಲೇ ಚಿಕ್ಕವೆಂಕಟಮ್ಮ ಮಾಡಿ ಮುಗಿಸಿದ್ದಳು.

"ಇಲ್ಲಮ್ಮ," ಎಂದರು ಶಶಿಧರ್. "ನೀನು ದಿನಾ ನೋಡೋದು ಬೇರೆ. ಇದು ಹಿಮಾಲಯದ್ದೇ."

ಕುಪ್ಪುಸ್ವಾಮಿ ಕೆಮ್ಮಿದರು.

"ಎರಡೂ ಒಂದೇ ತರ ಐತಲ್ಲಪ್ಪಾ?"

"ಹಾಗೆ ಕಾಣುತ್ತೆ."

"ಅಷ್ಟು ದೂರದಿಂದ ಬಂದಿದ್ದು ನನ್ನ ಬಂಡೇನೇ ಹುಡುಕ್ಕೊಂಡು ಬಂತಾ? ಸರಿ ಬಿಡಪ್ಪ, ಓದಿದೋರು." ಅವಳು ಸೀರೆಯೊಂದನ್ನು ಎತ್ತಿ ಬಂಡೆಗೆ ಬಡಿದಳು. ಹಿಮಾಲಯದ್ದು ಹಾರಿ ಎರಡು ಮಾರು ಆಚೆ ಕೂತು, ಎಂದಿನಂತೆ ಅವಳು ಮುಗಿಸುವುದನ್ನು ಕಾಯತೊಡಗಿತು.

ಬೀಗರ ಗಂಟಲು ಮರಳಿ ಬಂತು. "ನಾನು ಏಳ್ಲಿಲ್ವಾ ಚಿಕ್ಕವೆಂಕಟಮ್ಮ? ಇವ್ರು ಅದ್ರಲ್ಲೇ ಮೂವತ್ತು ವರ್ಷ ಸರ್ವೀಸು!"

ಆಗ ತೂಬಿನಿಂದ ನೀರು ಜಿನುಗಿ ಹರಿಯುವ ಕಾಲುವೆಯ ಕಡೆಯಿಂದ ಚುರುಕಾದ ಒಂದು ದನಿ ಬಂತು, ಚಿಟ್‌ಚಿಟ್ ಎಂದು. ನೀರಿನ ಅಂಚಿಗೆ ಒಂದು ಹಕ್ಕಿ ಇಳಿಯಿತು. ಬೂದು ಬೆನ್ನು. ಹೊಟ್ಟೆ ಆಗತಾನೆ ಅದ್ದಿ ತೆಗೆದಂಥ ಹಳದಿ. ದೇಹಕ್ಕಿಂತ ಉದ್ದದ ಬಾಲ ಒಂದೇ ಸಮನೆ ಮೇಲೆ ಕೆಳಗೆ. ವಾರಗಟ್ಟಲೆ ಹಾರಿ ಬಂದದ್ದು ತನಗೊಂದು ವಿಷಯವೇ ಅಲ್ಲವೆಂಬಂತೆ ಅದು ಕಲ್ಲಿಂದ ಕಲ್ಲಿಗೆ ಓಡಾಡಿ ಹುಳ ಹೆಕ್ಕಿತು.

ಕುಪ್ಪುಸ್ವಾಮಿ ಶಶಿಧರರ ಮೊಣಕೈ ಹಿಡಿದರು. ಶಶಿಧರ್ ಅಭ್ಯಾಸಬಲದಿಂದ ವಾಚು ನೋಡಿಕೊಂಡರು. ಏಳು ನಲವತ್ತು. ವರ್ಷಕ್ಕೊಮ್ಮೆ ಬರುವ ಈ ಒಂದು ನಿಮಿಷಕ್ಕಾಗಿ ಅವರು ಬೇರೆ ಎಲ್ಲ ಭಾನುವಾರಗಳನ್ನೂ ಸಹಿಸುತ್ತಿದ್ದರು.

"ಇದ್ಯಾವ್ದು ಬೀಗ್ರೇ?" ಮುನಿನಾರಾಯಣಪ್ಪ ದುರ್ಬೀನು ತಿರುಗಿಸಿದರು. "ಒಟ್ಟೆ ಅಳದಿ ಐತೆ."

ಕುಪ್ಪುಸ್ವಾಮಿ ಮೊಣಕೈ ಬಿಟ್ಟು ಕೋಡಿಯ ಕಡೆ ನೋಡತೊಡಗಿದರು.

"ಅದಾ?" ಎಂದರು ಶಶಿಧರ್. ಸ್ವಲ್ಪ ಹೊತ್ತು ನೋಡಿದರು. "ಅದು ಲೋಕಲ್."

"ಲೋಕಲ್ ಆದ್ರೂ ಚೆನ್ನಾಗೈತೆ."

"ಚೆನ್ನಾಗಿದೆ," ಎಂದರು ಶಶಿಧರ್. ಆ ಬೆಳಗ್ಗೆ ಅವರಾಡಿದ ಮಾತುಗಳಲ್ಲಿ ಅಳತೆಗೆ ಸರಿಯಿದ್ದದ್ದು ಅದೊಂದೇ.

"ಇದು ಲೋಕಲ್ಲಾ? ಇದನ್ನ ನಾನು ನೋಡೇ ಇಲ್ವಲ್ಲಪ್ಪೋ," ಎಂದಳು ಚಿಕ್ಕವೆಂಕಟಮ್ಮ.

ಸಂಜೆ ಬೀಗರು ವೆಂಕಟರತ್ನಮ್ಮನವರನ್ನೂ ಕರೆದುಕೊಂಡು ಆಂಡರ್ಸನ್‌ಪೇಟೆಗೆ ಬಂದರು. ಶಶಿಧರ್ ಕುರ್ಚಿ ಹತ್ತಿ ಗ್ರಾಫ್ ಹಾಳೆಯನ್ನು ಗೋಡೆಯಿಂದ ಇಳಿಸಿ, ಹಿಂದಿನ ಮೊಳೆ ತೆಗೆದು ಗಾಜು ಸರಿಸಿದರು. ಆಮೇಲೆ ಮಗಳ ಚೀಲದಿಂದ ಸ್ಕೆಚ್ ಪೆನ್ನು ತೆಗೆದುಕೊಂಡರು. ನೀಲಿ ಪೆನ್ನು ಮೇಜಿನ ಮೇಲೇ ಇತ್ತು. ಬಿಂದುಶ್ರೀ ಅದನ್ನು ನೋಡಿದಳು, ಅಪ್ಪನನ್ನು ನೋಡಿದಳು, ಉತ್ತರಪತ್ರಿಕೆಗೆ ಮರಳಿದಳು. ಶಶಿಧರ್ ಹದಿನೈದನೆಯ ಚುಕ್ಕಿ ಇಟ್ಟರು.

"ಬ್ಯಾರೆ ಎಲ್ಲಾ ನೀಲಿ ಐತೆ," ಎಂದರು ಬೀಗರು. "ನಂದ್ಯಾಕೆ ಅಳದಿ?"

"ಮದುವೆ ವರ್ಷ ಅಲ್ವೇ ಬೀಗರೇ," ಎಂದರು ಶಶಿಧರ್. "ಅರಿಶಿನ."

ವೆಂಕಟರತ್ನಮ್ಮ ಕೈ ಮುಗಿದರು. ಆದಿಲಕ್ಷ್ಮಿ ಇಪ್ಪತ್ತೊಂಬತ್ತು ವರ್ಷದ ಮೇಲೆ ಗಂಡನನ್ನು ಹೊಸದಾಗಿ ನೋಡಿದರು.

ಮುನಿನಾರಾಯಣಪ್ಪ ದೊಡ್ಡದಾಗಿ ಸಹಿ ಮಾಡಿದರು. ಕುಪ್ಪುಸ್ವಾಮಿ ಸಹಿ ಮಾಡುವ ಮೊದಲು ಕನ್ನಡಕ ತೆಗೆದು ಜೇಬಿನಲ್ಲಿಟ್ಟುಕೊಂಡರು.

ಆ ವರ್ಷ ಬೂದು ಕುಂಡೆಕುಸ್ಕ ಬೇತಮಂಗಲದ ಕೆರೆಗೆ ಆಗಸ್ಟ್ ಇಪ್ಪತ್ತೇಳಕ್ಕೆ ಬಂತು.